ಉಳಿದ ಎರಡು ಬೆರಳು



ಓದು ಮುಂದುವರಿಸುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳನ್ನು ಅಂಗೈಯ ಕಡೆಗೆ ಮಡಚಿಕೊಳ್ಳಿ. ಅವನ್ನು ಬಿಡಿಸದೆ ಮಗುವಿನ ಅಂಗಿಯ ಗುಂಡಿ ಹಾಕಲು ನೋಡಿ, ಮಗಳಿಗೆ ಜಡೆ ಹೆಣೆಯಲು ನೋಡಿ, ಒಂದು ಈರುಳ್ಳಿ ಹೆಚ್ಚಲು ನೋಡಿ. ಎರಡು ನಿಮಿಷದಲ್ಲೇ ಸಾಕೆನಿಸುತ್ತದೆ, ಅಲ್ಲವೇ? ಈಗ ಗಿಟಾರ್ ಎಂಬ ತಂತಿವಾದ್ಯವನ್ನು ನೆನಪಿಸಿಕೊಳ್ಳಿ. ಅದರ ಆರು ತಂತಿಗಳನ್ನು ಒತ್ತಿ ಹಿಡಿಯುವುದು ಎಡಗೈಯ ನಾಲ್ಕು ಬೆರಳುಗಳ ಕೆಲಸ. ಆ ನಾಲ್ಕರಲ್ಲಿ ಎರಡು ಸುಟ್ಟು ಸೆಟೆದುಹೋದ ಮೇಲೂ ಅದೇ ವಾದ್ಯ ನುಡಿಸಿ ಹೊಟ್ಟೆ ಹೊರೆದ, ಜಗತ್ತಿನ ಹೆಸರಾಂತ ವಾದಕರ ಸಾಲಿಗೆ ಸೇರಿದ ಒಬ್ಬ ಬಡ ಯುವಕನ ಕಥೆಯನ್ನು ಇಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಮದರಸಾದಲ್ಲಿ ಕಲಿತು ಪಾಠ ಹೇಳುವವಳಿಗೆ ಗಿಟಾರ್ ವಾದಕನ ಕಥೆ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಗೀತದ ಕುರಿತು ನಮ್ಮ ವಿದ್ವಾಂಸರಲ್ಲಿ ಇರುವ ಅಭಿಪ್ರಾಯಭೇದ ನನಗೆ ಗೊತ್ತು. ಅದು ಇಂದಿನ ವಿಷಯವಲ್ಲ. ಇದು ಒಂದು ಕೈಯ ಕಥೆ. ಇದನ್ನು ನಾನು ಹುಡುಕಿ ಓದಿದ್ದು ಕೂಡ ಒಂದು ಕೈಗಾಗಿಯೇ.

ಏಳನೇ ತರಗತಿಯ ಒಬ್ಬ ಹುಡುಗಿ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅಕ್ಷರ ಮುತ್ತಿನಂತೆ. ಒಂದು ದಿನ ಗಂಜಿ ಬಸಿಯುವಾಗ ಪಾತ್ರೆ ಜಾರಿ ಬಲಗೈ ಪೂರ್ತಿ ಬೆಂದಿತು. ಮನೆಯಲ್ಲಿದ್ದವರು ಗಾಬರಿಯಲ್ಲಿ ಟೂತ್‌ಪೇಸ್ಟ್ ಹಚ್ಚಿದರು, ಪಕ್ಕದ ಮನೆಯವರು ಅದರ ಮೇಲೆ ಶಾಯಿ ಸುರಿದರು. ಆಸ್ಪತ್ರೆಗೆ ಹೋದದ್ದು ಮರುದಿನ. ಗಾಯ ಒಣಗಿದ ಮೇಲೆ ವ್ಯಾಯಾಮ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ಆದರೆ ಬೆರಳು ಬಿಡಿಸಿದರೆ ಮಗು ಅಳುತ್ತದೆ ಎಂದು ತಾಯಿ ಬಿಟ್ಟುಬಿಟ್ಟರು. ಯಾವ ತಾಯಿಗೆ ತಾನೇ ಮಗಳನ್ನು ಅಳಿಸಲು ಮನಸ್ಸು ಬರುತ್ತದೆ? ಮೂರು ತಿಂಗಳ ನಂತರ ಅವಳು ಶಾಲೆಗೆ ಬಂದಾಗ ಕೊನೆಯ ಮೂರು ಬೆರಳುಗಳು ಮುಷ್ಟಿ ಕಟ್ಟಿದಂತೆ ಒಳಕ್ಕೆ ಬಾಗಿ ನಿಂತಿದ್ದವು. ಕೈಯನ್ನು ಯಾವಾಗಲೂ ಶಾಲಿನ ಒಳಗೇ ಇಟ್ಟುಕೊಳ್ಳುತ್ತಿದ್ದಳು.

ನೋಡಲು ಬಂದವರೆಲ್ಲ ಅವಳ ಎದುರೇ ಹೇಳಿದ ಮಾತೊಂದೇ: "ಹೆಣ್ಣು ಮಗು, ಕೈ ಹೀಗಾದರೆ ಮುಂದೇನು ಗತಿ?" ಓದಿನ ಬಗ್ಗೆ ಯಾರೂ ಕೇಳಲಿಲ್ಲ. ಅವಳಾದರೂ ಪುಸ್ತಕ ತೆರೆಯುವುದನ್ನೇ ನಿಲ್ಲಿಸಿದ್ದಳು. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ಇದ್ದಾಗ ನನಗೆ ಸಿಕ್ಕಿದ್ದು ಜಾಂಗೋ ರೈನ್‌ಹಾರ್ಟ್‌ನ ಜೀವನ.

ಬಂಡಿಯಲ್ಲಿ ಹುಟ್ಟಿದ ಮಗು

ಜಾಂಗೋ ಹುಟ್ಟಿದ್ದು 1910ರ ಜನವರಿ 23ರಂದು, ಬೆಲ್ಜಿಯಂನ ಲಿಬರ್ಶೀ ಎಂಬ ಹಳ್ಳಿಯಲ್ಲಿ ತಂಗಿದ್ದ ಒಂದು ಬಂಡಿಯಲ್ಲಿ. ಅವನ ಹೆತ್ತವರು ರೋಮಾ ಜನಾಂಗದ ಮನುಷ್ ಎಂಬ ಪಂಗಡದವರು; ಊರಿಂದೂರಿಗೆ ಬಂಡಿ ಕಟ್ಟಿಕೊಂಡು ಹೋಗಿ, ಆಡಿ ಹಾಡಿ, ಬುಟ್ಟಿ ಹೆಣೆದು, ಸಣ್ಣಪುಟ್ಟ ಸಾಮಾನು ಮಾರಿ ಬದುಕುವ ಜನ. ರೋಮಾಗಳ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಉಪಖಂಡದಿಂದಲೇ ಪಶ್ಚಿಮಕ್ಕೆ ಹೋದವರು. ಅವರ ಭಾಷೆಯಲ್ಲಿ ಇಂದಿಗೂ ನೀರಿಗೆ 'ಪಾನಿ', ಮೂಗಿಗೆ 'ನಾಕ್', ಕಿವಿಗೆ 'ಕಾನ್'. ಉರ್ದು ಮಾತಾಡುವ ಮನೆಗಳಲ್ಲಿ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕೈಗೆ ಅವರು 'ವಸ್ತ್' ಎನ್ನುತ್ತಾರೆ. ಅದು ನಮ್ಮ 'ಹಸ್ತ'ದ ಬಂಧು. ಜಾಂಗೋ ಎಂದರೆ 'ನಾನು ಎಚ್ಚರಗೊಳ್ಳುತ್ತೇನೆ' ಎಂದರ್ಥವಂತೆ.

ಬಾಲ್ಯ ಕಳೆದದ್ದು ಪ್ಯಾರಿಸ್ ನಗರದ ಹೊರವಲಯದ ಬಯಲಿನಲ್ಲಿ, ಬಂಡಿಗಳ ನಡುವೆ. ಶಾಲೆಯ ಓದು ಇಲ್ಲವೇ ಇಲ್ಲ ಎಂದರೂ ನಡೆದೀತು. ಸುಮಾರು ಹನ್ನೆರಡನೇ ವಯಸ್ಸಿನಲ್ಲಿ ಒಂದು ಬ್ಯಾಂಜೋ-ಗಿಟಾರ್ ಕೈಗೆ ಸಿಕ್ಕಿತು. ಉಸ್ತಾದರಿಲ್ಲ, ಪುಸ್ತಕವಿಲ್ಲ, ಬೇರೆಯವರ ಬೆರಳು ನೋಡಿ ನೋಡಿಯೇ ಕಲಿತ. ಹದಿಹರೆಯದಲ್ಲೇ ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರ ಜೊತೆ ನುಡಿಸಿ ಮನೆಗೆ ದುಡ್ಡು ತರುತ್ತಿದ್ದ. 1928ರಲ್ಲಿ ಮೊದಲ ಧ್ವನಿಮುದ್ರಿಕೆ ಬಂತು. ಅದರ ಮೇಲೆ ಅವನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದರು. ಆದರೇನು, ಅವನಿಗೆ ತನ್ನ ಹೆಸರು ಓದಲು ಬರುತ್ತಿರಲಿಲ್ಲ.

ಹೂವಿಗೆ ಹತ್ತಿದ ಬೆಂಕಿ

ಅದೇ ವರ್ಷ, ಹದಿನೆಂಟರ ಹರೆಯದಲ್ಲಿ, ಅವನಿಗೆ ಬೆಲ್ಲಾ ಎಂಬ ಹೆಂಡತಿಯಿದ್ದಳು. ಅವಳು ಬಸುರಿ. ಸಂಸಾರಕ್ಕೆ ನೆರವಾಗಲೆಂದು ಕಾಗದ ಮತ್ತು ಸೆಲ್ಯುಲಾಯ್ಡ್‌ನಿಂದ ಕೃತಕ ಹೂ ಮಾಡಿ ಮಾರುತ್ತಿದ್ದಳು. ನಮ್ಮಲ್ಲಿ ಎಷ್ಟೋ ಸಹೋದರಿಯರು ಮನೆಯಲ್ಲೇ ಕುಳಿತು ಬೀಡಿ ಕಟ್ಟುವಂತೆ, ಊದುಬತ್ತಿ ಹೊಸೆಯುವಂತೆ. ಅವರ ಬಂಡಿಯೇ ಮಲಗುವ ಮನೆ, ಅಡುಗೆ ಮನೆ, ಕಾರ್ಖಾನೆ ಎಲ್ಲವೂ ಆಗಿತ್ತು.

1928ರ ನವೆಂಬರ್ ಆರಂಭದ ಒಂದು ರಾತ್ರಿ ಜಾಂಗೋ ಕೆಲಸ ಮುಗಿಸಿ ಮನೆಗೆ ಬಂದ. ಬಂಡಿಯ ತುಂಬ ಹೂಗಳು. ಬೆಳಕಿಗೆ ಇದ್ದದ್ದು ಒಂದು ಮೇಣದ ಬತ್ತಿ. ಅದು ಉರುಳಿ ಹೂವಿನ ರಾಶಿಯ ಮೇಲೆ ಬಿತ್ತು. ಸೆಲ್ಯುಲಾಯ್ಡ್ ಎಂಬುದು ಕರ್ಪೂರ ಬೆರೆಸಿ ಮಾಡಿದ ವಸ್ತು. ಕರ್ಪೂರದಂತೆಯೇ ಭಗ್ಗನೆ ಉರಿಯುತ್ತದೆ. ಕ್ಷಣದಲ್ಲಿ ಬಂಡಿ ಬೆಂಕಿಯ ಗೂಡಾಯಿತು. ಎಡಗೈಯಲ್ಲಿ ಕಂಬಳಿಯೊಂದನ್ನು ಅಡ್ಡ ಹಿಡಿದು ಜಾಂಗೋ ಹೇಗೋ ಹೊರಬಿದ್ದ. ಗಂಡ ಹೆಂಡತಿ ಇಬ್ಬರೂ ಬದುಕಿದರು. ಆದರೆ ಅವನ ಬಲಗಾಲು ಮತ್ತು ಕಂಬಳಿ ಹಿಡಿದ ಎಡಗೈ ಭೀಕರವಾಗಿ ಸುಟ್ಟಿದ್ದವು.

ಕಾಲು ಕತ್ತರಿಸಬೇಕು ಎಂದರು ವೈದ್ಯರು. ಅವರನ್ನು ನಾವು ದೂರುವಂತಿಲ್ಲ. ಪೆನಿಸಿಲಿನ್ ಅನ್ನು ಅಲೆಗ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಗುರುತಿಸಿದ್ದು ಇದೇ 1928ರ ಸೆಪ್ಟೆಂಬರಿನಲ್ಲಿ, ಈ ಬೆಂಕಿಗೆ ಕೆಲವೇ ವಾರಗಳ ಮುಂಚೆ. ಅದು ರೋಗಿಗಳಿಗೆ ಔಷಧಿಯಾಗಿ ದೊರೆಯಲು 1940ರ ದಶಕ ಬರಬೇಕಾಯಿತು. ಸುಟ್ಟ ಗಾಯಕ್ಕೆ ಕೀವು ತುಂಬಿದರೆ ಆಗಿನ ವೈದ್ಯರ ಕೈಯಲ್ಲಿ ಗರಗಸವೇ ಉಳಿಯುತ್ತಿತ್ತು. ಜಾಂಗೋ ಒಪ್ಪಲಿಲ್ಲ. ಕಾಲು ಉಳಿಯಿತು. ಸುಮಾರು ಒಂದು ವರ್ಷದ ನಂತರ ಊರುಗೋಲು ಹಿಡಿದು ನಡೆದ.

ಎಡಗೈಯ ಮಾತು ಬೇರೆ. ಬೆಂಕಿಯ ಕಾವಿಗೆ ಚರ್ಮದ ಜೊತೆ ಒಳಗಿನ ಸ್ನಾಯುರಜ್ಜುಗಳೂ ಕುಗ್ಗಿದ್ದವು. ಉಂಗುರ ಬೆರಳು, ಕಿರುಬೆರಳು ಎರಡೂ ಕೊಕ್ಕೆಯಂತೆ ಬಾಗಿಹೋದವು. ಇನ್ನು ಇವನು ವಾದ್ಯ ಮುಟ್ಟುವುದಿಲ್ಲ ಎಂದೇ ಎಲ್ಲರೂ ತಿಳಿದರು.

ಹಾಸಿಗೆಯ ಮೇಲೆ ಹದಿನೆಂಟು ತಿಂಗಳು

ಆಗ ತಮ್ಮ ಜೋಸೆಫ್ ಒಂದು ಗಿಟಾರ್ ತಂದು ಅಣ್ಣನ ಹಾಸಿಗೆಯ ಪಕ್ಕದಲ್ಲಿಟ್ಟ. ಸಹೋದರಿಯರೇ, ಇಡೀ ಕಥೆಯಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. "ಪಾಪ, ಅದನ್ನು ಕಂಡರೆ ಅವನಿಗೆ ದುಃಖವಾದೀತು" ಎಂದು ವಾದ್ಯವನ್ನು ಬಚ್ಚಿಡುವ ಮನೆಯವರೂ ಇರುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಈ ತಮ್ಮ ತಂದುಕೊಟ್ಟ.

ಸುಮಾರು ಹದಿನೆಂಟು ತಿಂಗಳು ಜಾಂಗೋ ಚಿಕಿತ್ಸೆಯಲ್ಲಿದ್ದ. ಆ ಅವಧಿಯಲ್ಲಿ ಅವನು ಮಾಡಿದ್ದೇನೆಂದರೆ, ಹಳೆಯ ಕೈ ಮರಳಿ ಬರಲೆಂದು ಕಾಯಲಿಲ್ಲ. ಈಗಿರುವ ಕೈಗೆ ಏನು ಸಾಧ್ಯ ಎಂದು ಹುಡುಕಿದ. ತೋರುಬೆರಳು ಮತ್ತು ನಡುಬೆರಳು ಚೆನ್ನಾಗಿದ್ದವು. ಸಾಮಾನ್ಯವಾಗಿ ವಾದಕರು ಒಂದೇ ಜಾಗದಲ್ಲಿ ಕೈಯಿಟ್ಟು ನಾಲ್ಕು ಬೆರಳನ್ನೂ ಹರಡಿ ಸ್ವರ ಹಿಡಿಯುತ್ತಾರೆ. ಅವನಿಗೆ ಅದು ಆಗದು. ಆದ್ದರಿಂದ ಎರಡು ಬೆರಳನ್ನು ಗಿಟಾರಿನ ಉದ್ದ ಕತ್ತಿನ ಮೇಲೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸುವ ದಾರಿ ಕಂಡುಕೊಂಡ. ಹಳೆಯ ಹಿಡಿತಗಳನ್ನೆಲ್ಲ ಬಿಟ್ಟು ಎರಡು ಮೂರು ತಂತಿಗಳಲ್ಲೇ ಮುಗಿಯುವ ಹೊಸ ಹಿಡಿತ ಹುಡುಕಿದ. ಬಾಗಿದ ಎರಡು ಬೆರಳುಗಳನ್ನೂ ಕೆಲಸವಿಲ್ಲದೆ ಬಿಡಲಿಲ್ಲ. ಕೆಲವು ಹಿಡಿತಗಳಲ್ಲಿ ಕೊನೆಯ ತಂತಿಗಳನ್ನು ಒತ್ತಲು ಅವು ಸಾಕಾಗುತ್ತಿದ್ದವು.

ನೋವಿನ ಸಂಗತಿಯನ್ನೂ ಮುಚ್ಚಿಡಬಾರದು. 1929ರಲ್ಲಿ ಬೆಲ್ಲಾ ಗಂಡು ಮಗುವಿಗೆ ಜನ್ಮವಿತ್ತಳು. ಆದರೆ ಆ ದಾಂಪತ್ಯ ಉಳಿಯಲಿಲ್ಲ, ಇಬ್ಬರೂ ಬೇರೆಯಾದರು. ಬೆಂಕಿ ಆರಿದ ಮೇಲೂ ಒಂದು ಮನೆ ಎಷ್ಟು ದಿನ ಸುಡುತ್ತಿರುತ್ತದೆ ಎಂಬುದು ಇಂಥ ಅಪಘಾತ ಕಂಡ ಕುಟುಂಬಗಳಿಗೆ ಮಾತ್ರ ಗೊತ್ತು.

ಮತ್ತೆ ಜನರ ಮುಂದೆ

ಮೇಲೆದ್ದ ಜಾಂಗೋ ತಮ್ಮನ ಜೊತೆ ಬೀದಿಯಲ್ಲಿ, ಕಾಫಿ ಅಂಗಡಿಗಳಲ್ಲಿ ನುಡಿಸುತ್ತ ದಕ್ಷಿಣ ಫ್ರಾನ್ಸಿನವರೆಗೂ ಹೋದ. ತೂಲೋನ್ ಎಂಬ ಬಂದರು ಪಟ್ಟಣದಲ್ಲಿ ಎಮಿಲ್ ಸವಿತ್ರಿ ಎಂಬ ಚಿತ್ರಕಾರ ಈ ಸಹೋದರರನ್ನು ತನ್ನ ಕೋಣೆಗೆ ಕರೆದು ಅಮೆರಿಕದ ಕರಿಯ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಧ್ವನಿಮುದ್ರಿಕೆಗಳನ್ನು ಕೇಳಿಸಿದ. ಅಲ್ಲಿಂದ ಜಾಂಗೋ ಜಾಝ್ ಸಂಗೀತದ ಕಡೆ ತಿರುಗಿದ. 1934ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲಿಯ ಜೊತೆ ಐವರ ತಂಡ ಕಟ್ಟಿದ. ಗಿಟಾರ್ ಹಿಡಿದವರಲ್ಲಿ ತಮ್ಮ ಜೋಸೆಫ್ ಕೂಡ ಇದ್ದ. ಡೋಲು, ತುತ್ತೂರಿ ಏನೂ ಇಲ್ಲದೆ ಬರೀ ತಂತಿವಾದ್ಯಗಳ ಜಾಝ್ ತಂಡ ಅಂದಿಗೆ ಹೊಸತು. ಅಲ್ಲಿಯವರೆಗೆ ಗಿಟಾರ್ ಹೆಚ್ಚಾಗಿ ಹಿಂದೆ ಕುಳಿತು ತಾಳ ಕೊಡುವ ವಾದ್ಯವಾಗಿತ್ತು. ಅದನ್ನು ಸಭೆಯ ಮುಂದೆ ತಂದು ನಿಲ್ಲಿಸಿದವರಲ್ಲಿ ಈ ಎರಡು ಬೆರಳಿನವನೂ ಒಬ್ಬ.

1939ರಲ್ಲಿ ಯುದ್ಧ ಆರಂಭವಾದಾಗ ತಂಡ ಲಂಡನ್ನಿನಲ್ಲಿತ್ತು. ಗ್ರಾಪೆಲಿ ಅಲ್ಲೇ ಉಳಿದ, ಜಾಂಗೋ ಫ್ರಾನ್ಸಿಗೆ ಮರಳಿದ. ನಾಜಿಗಳು ಯಹೂದಿಗಳ ಜೊತೆ ರೋಮಾ ಜನರನ್ನೂ ಹುಡುಕಿ ಹುಡುಕಿ ಕೊಂದ ಕಾಲವದು. ಕನಿಷ್ಠ ಎರಡು ಲಕ್ಷ ರೋಮಾಗಳು ಯುರೋಪಿನಲ್ಲಿ ಪ್ರಾಣ ಕಳೆದುಕೊಂಡರು. 1943ರಲ್ಲಿ ಜಾಂಗೋ ಗಡಿ ದಾಟಿ ಸ್ವಿಟ್ಜರ್‌ಲ್ಯಾಂಡ್‌ಗೆ ಹೋಗಲು ಯತ್ನಿಸಿ ವಿಫಲನಾದ. ಆದರೂ ಬದುಕಿ ಉಳಿದ. 1940ರಲ್ಲಿ ಅವನು ಮುದ್ರಿಸಿದ 'ನುಆಜ್' ಎಂಬ ಕೃತಿ, ಅಂದರೆ 'ಮೋಡಗಳು', ಸೆರೆಯಾಗಿದ್ದ ಆ ನಗರದ ಜನರಿಗೆ ಬಹಳ ಹತ್ತಿರವಾಯಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಅಮೆರಿಕಕ್ಕೆ ಹೋಗಿ ಡ್ಯೂಕ್ ಎಲಿಂಗ್ಟನ್ ತಂಡದೊಂದಿಗೆ ನುಡಿಸಿದ.

ಅವನು ಎಲ್ಲದರಲ್ಲೂ ಮಾದರಿಯಾಗಿದ್ದ ಎಂದು ನಾನು ಹೇಳುತ್ತಿಲ್ಲ. ಜೂಜಿನ ಚಟವಿತ್ತು, ಹೇಳಿದ ಹೊತ್ತಿಗೆ ಕಾರ್ಯಕ್ರಮಕ್ಕೆ ಬಾರದ ದಿನಗಳಿದ್ದವು. 1951ರಲ್ಲಿ ಸೇನ್ ನದಿಯ ದಡದ ಸಾಮ್ವಾ ಎಂಬ ಹಳ್ಳಿಯಲ್ಲಿ ನೆಲೆನಿಂತು ಮೀನು ಹಿಡಿಯುತ್ತ, ಚಿತ್ರ ಬರೆಯುತ್ತ ಇದ್ದವನು 1953ರ ಮೇ 16ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ. ವಯಸ್ಸು ಬರೀ ನಲವತ್ತಮೂರು.

ಒಂದು ಕೈಯಿಂದ ಇನ್ನೊಂದು ಕೈಗೆ

ಅವನು ತೀರಿಕೊಂಡ ಹನ್ನೆರಡು ವರ್ಷಗಳ ನಂತರ, 1965ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗನೊಬ್ಬನ ಬಲಗೈಯ ಎರಡು ಬೆರಳ ತುದಿಗಳು ತಗಡಿನ ಯಂತ್ರಕ್ಕೆ ಸಿಕ್ಕಿ ತುಂಡಾದವು. ಹೆಸರು ಟೋನಿ ಅಯೋಮಿ. ಅವನೂ ಗಿಟಾರ್ ವಾದಕ, ಎಡಚ; ತಂತಿ ಒತ್ತುವ ಕೈಯೇ ಹೋಗಿತ್ತು. ಕಾರ್ಖಾನೆಯ ಮೇಲ್ವಿಚಾರಕ ಅವನನ್ನು ನೋಡಲು ಬಂದು ಒಂದು ಧ್ವನಿಮುದ್ರಿಕೆ ಕೇಳಿಸಿದ. "ಚೆನ್ನಾಗಿದೆಯೇ? ಇದನ್ನು ನುಡಿಸುತ್ತಿರುವುದು ಎರಡು ಬೆರಳು" ಎಂಬರ್ಥದ ಮಾತು ಹೇಳಿದ. ಅದು ಜಾಂಗೋನ ಧ್ವನಿಮುದ್ರಿಕೆ. ಹುಡುಗ ಮನೆಗೆಲಸದ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ದರ್ಜಿಗಳ ಬೆರಳುಟೋಪಿಯಂತಹದನ್ನು ಮಾಡಿ, ಮೇಲೆ ಚರ್ಮ ಅಂಟಿಸಿ ತುಂಡು ಬೆರಳಿಗೆ ತೊಡಿಸಿಕೊಂಡ. ಗಡುಸು ತಂತಿ ಬಿಟ್ಟು ಹಗುರ ತಂತಿ ಕಟ್ಟಿದ. ಮುಂದೆ 'ಬ್ಲ್ಯಾಕ್ ಸಬ್ಬತ್' ಎಂಬ ತಂಡದಲ್ಲಿ ಜಗತ್ಪ್ರಸಿದ್ಧನಾದ. ನೋಡಿ, ಸುಟ್ಟ ಎರಡು ಬೆರಳು ಇನ್ನೊಬ್ಬನ ತುಂಡಾದ ಎರಡು ಬೆರಳಿಗೆ ಹೇಗೆ ಆಸರೆಯಾದವು!

ನಮ್ಮ ಅಡುಗೆ ಮನೆಯ ಮಾತು

ಇಷ್ಟು ಹೇಳಿ ಕಥೆ ಮುಗಿಸಿದರೆ ನಾನು ಅರ್ಧ ಕೆಲಸ ಮಾಡಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟ ಗಾಯಕ್ಕೆ ಒಳಗಾಗುತ್ತಾರೆ. ಇದರಲ್ಲಿ ಅಡುಗೆ ಮನೆಯ ಪಾಲು ದೊಡ್ಡದು. ಅಲ್ಲಿ ನಿಲ್ಲುವವರು ನಾವೇ. ಆದ್ದರಿಂದ ಈ ಕೆಲವು ಮಾತುಗಳನ್ನು ಮನೆಯ ಎಲ್ಲರಿಗೂ ಓದಿ ಹೇಳಿ.

ಒಲೆಯ ಮುಂದೆ ನಿಲ್ಲುವಾಗ ದುಪಟ್ಟದ ಅಂಚು ಮತ್ತು ಅಗಲ ತೋಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಅಡುಗೆಗೆ ಹತ್ತಿ ಬಟ್ಟೆಯೇ ಒಳ್ಳೆಯದು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ಅಥವಾ ದಪ್ಪ ಕಂಬಳಿ ಸುತ್ತಿ ಆರಿಸಬೇಕು.

ಸುಟ್ಟ ಜಾಗಕ್ಕೆ ಕೂಡಲೇ ನಲ್ಲಿಯ ತಣ್ಣೀರನ್ನು ಹರಿಯಬಿಡಿ, ಸುಮಾರು ಇಪ್ಪತ್ತು ನಿಮಿಷ. ಮೈಯ ಹೆಚ್ಚಿನ ಭಾಗ ಸುಟ್ಟಿದ್ದರೆ, ಅದರಲ್ಲೂ ಚಿಕ್ಕ ಮಕ್ಕಳಾದರೆ, ಹೆಚ್ಚು ಹೊತ್ತು ನೀರಲ್ಲಿಟ್ಟು ಮೈ ತಣ್ಣಗಾಗಲು ಬಿಡಬಾರದು. ಬಳೆ, ಉಂಗುರಗಳನ್ನು ಬಾವು ಬರುವ ಮುನ್ನವೇ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ, ಅರಿಶಿನ, ಹತ್ತಿ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೈ, ಮುಖ, ಕೀಲುಗಳು ಸುಟ್ಟಿದ್ದರೆ ಗಾಯ ಸಣ್ಣದೆಂದು ಮನೆಯಲ್ಲಿ ಕೂರಬೇಡಿ.

ಇನ್ನು ಬಹಳ ಮಂದಿ ಮರೆಯುವ ಮಾತು. ಗಾಯ ಒಣಗಿದರೆ ಚಿಕಿತ್ಸೆ ಮುಗಿಯಲಿಲ್ಲ. ಸುಟ್ಟ ಚರ್ಮ ವಾಸಿಯಾಗುವಾಗ ಎಳೆದುಕೊಳ್ಳುತ್ತ, ಗಟ್ಟಿಯಾಗುತ್ತ ಹೋಗುತ್ತದೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತದೆ. ರೋಗಿಗೆ ಹಾಯೆನಿಸುವ ಭಂಗಿ ಕೈ ಮಡಚಿಕೊಳ್ಳುವುದು. ಆದರೆ ಹಾಗೇ ಬಿಟ್ಟರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಅದಕ್ಕಾಗಿಯೇ ಡಾಕ್ಟರು ಪಟ್ಟಿ ಕಟ್ಟಿ ಬೆರಳನ್ನು ನೆಟ್ಟಗಿಡಿಸುತ್ತಾರೆ, ಫಿಸಿಯೋಥೆರಪಿ ಹೇಳುತ್ತಾರೆ. ಅವರು ಹೇಳಿದ ವ್ಯಾಯಾಮವನ್ನು ಅತ್ತರೂ ದಿನವೂ ಮಾಡಿಸಿ. ಒಮ್ಮೆ ಬಾಗಿ ನಿಂತ ಬೆರಳನ್ನೂ ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ಬೇರೆ ಕಡೆಯ ಚರ್ಮ ಹಾಕುವ ಸೌಲಭ್ಯ ಇಂದು ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಆಸ್ಪತ್ರೆಗಳಲ್ಲಿದೆ. ತಡವಾಯಿತೆಂದು ಕೈಚೆಲ್ಲಬೇಡಿ, ಹೋಗಿ ಕೇಳಿ.

ಅವಳು ಕೇಳಿದ ಪ್ರಶ್ನೆ

ನಾನು ಜಾಂಗೋನ ಕಥೆಯನ್ನು ಇಡೀ ತರಗತಿಗೆ ಹೇಳಿದೆ. ಅವಳೊಬ್ಬಳಿಗೇ ಹೇಳಿದರೆ ಬುದ್ಧಿವಾದವಾಗುತ್ತಿತ್ತು. ಮಕ್ಕಳೆಲ್ಲ ಎರಡು ಬೆರಳು ಮಡಚಿಕೊಂಡು ಪೆನ್ಸಿಲ್ ಹಿಡಿಯಲು ನೋಡಿ ನಕ್ಕರು. ಅವಳು ಮಾತ್ರ ನಗಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ಕೇಳಿದಳು:

"ಟೀಚರ್, ಆಮೇಲೆ ಅವರ ಬೆರಳು ಸರಿಯಾಯಿತಾ?"

ಹೌದು ಎಂದು ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಮಗುವಿಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲಮ್ಮಾ. ಕೊನೆಯವರೆಗೂ ಹಾಗೇ ಇತ್ತು," ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ನಂತರ ಶಾಲಿನ ಒಳಗಿಂದ ಕೈ ಹೊರತೆಗೆದು ಮೇಜಿನ ಮೇಲಿಟ್ಟು, "ನನಗೆ ಹೆಬ್ಬೆರಳು ಸೇರಿ ಎರಡು ಇದೆ," ಎಂದಳು.

ಮರುವಾರ ನಾನು ಅವಳ ತಾಯಿಯನ್ನು ಕಂಡೆ. ತುಸು ಕಷ್ಟಪಟ್ಟೇ ಒಪ್ಪಿಸಿ ಮತ್ತೆ ಆಸ್ಪತ್ರೆಗೆ ಕಳುಹಿಸಿದೆ. ಒಂದು ಬೆರಳು ಸ್ವಲ್ಪ ಬಿಡಿಸಿಕೊಂಡಿತು. ಉಳಿದೆರಡು ಅಷ್ಟಾಗಿ ಬದಲಾಗಲಿಲ್ಲ. ಪೆನ್ನನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಿಕ್ಕಿಸಿ ಬರೆಯುವುದನ್ನು ಅವಳೇ ಕಂಡುಕೊಂಡಳು. ಪೆನ್ನು ಜಾರದಂತೆ ಅದಕ್ಕೆ ಬಟ್ಟೆ ಸುತ್ತಿಕೊಟ್ಟದ್ದು ಅವಳ ತಾಯಿ, ಬೆರಳು ಬಿಡಿಸಲು ಕೈ ನಡುಗುತ್ತಿದ್ದ ಅದೇ ತಾಯಿ. ಕಿರುಪರೀಕ್ಷೆಗಳಲ್ಲಿ ನಾನು ಅವಳಿಗೆ ಕಾಲು ಗಂಟೆ ಹೆಚ್ಚು ಕೊಡುತ್ತಿದ್ದೆ. ಅಕ್ಷರ ಮೊದಲಿನಂತೆ ಮುತ್ತಾಗಲಿಲ್ಲ. ಓರೆಯಾಗಿತ್ತು, ಆದರೆ ಓದಲು ಬರುತ್ತಿತ್ತು. ಅವಳು ಹತ್ತನೇ ತರಗತಿ ಪಾಸಾದಳು. ಮುಂದೆಯೂ ಓದಿದಳು.

ನಮ್ಮ ಮನೆಗಳಲ್ಲಿ ಯಾರಿಗಾದರೂ ಏನಾದರೂ ಆದರೆ "ಸಬ್ರ್ ಮಾಡಿ" ಎನ್ನುತ್ತೇವೆ. ಒಳ್ಳೆಯ ಮಾತೇ. ಆದರೆ ಸಬ್ರ್ ಎಂದರೆ ಕೈಕಟ್ಟಿ ಮೂಲೆಯಲ್ಲಿ ಕುಳಿತುಕೊಳ್ಳುವುದಲ್ಲ. ಹದಿನೆಂಟು ತಿಂಗಳು ಹಾಸಿಗೆಯಲ್ಲಿದ್ದು ದಿನವೂ ಎರಡು ಬೆರಳಿಗೆ ಹೊಸ ದಾರಿ ಕಲಿಸಿದ್ದು ಸಬ್ರ್. ಅಳುವ ಮಗುವಿನ ಬೆರಳನ್ನು ಕಣ್ಣೊರೆಸಿಕೊಂಡು ಬಿಡಿಸುವುದೂ ಸಬ್ರ್.

ನಿಮ್ಮ ಬೀದಿಯಲ್ಲಿಯೂ ಕೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡ ಒಬ್ಬಳು ಇರಬಹುದು. ಹೊಲಿಗೆ ಬಿಟ್ಟಿರಬಹುದು, ಓದು ಬಿಟ್ಟಿರಬಹುದು, ಮದುವೆ ಮನೆಗೆ ಬರುವುದನ್ನು ಬಿಟ್ಟಿರಬಹುದು. ಅವಳನ್ನು ನೋಡಲು ಹೋಗುವಾಗ "ಮುಂದೇನು ಗತಿ" ಎಂದು ಕೇಳಬೇಡಿ. ಅವಳು ಬಿಟ್ಟ ಕೆಲಸ ಯಾವುದೆಂದು ತಿಳಿದುಕೊಳ್ಳಿ. ಸೂಜಿ ದಾರವಾದರೆ ಸೂಜಿ ದಾರ, ಪುಸ್ತಕವಾದರೆ ಪುಸ್ತಕ. ಅದನ್ನು ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲಿಟ್ಟು ಬನ್ನಿ. ಜೋಸೆಫ್ ತನ್ನ ಅಣ್ಣನಿಗೆ ಮಾಡಿದ್ದೂ ಇಷ್ಟೇ.